ಹೆರಾಲ್ಡಿನ ಹಿಂದಿನ ಬಾಗಿಲು ಮತ್ತು ಬಿಡಿಭಾಗಗಳ ಒಂದಿಷ್ಟು ಚರಿತ್ರೆ

ಅಂಬಾಸಿಡರ್ ಕಾರಿಗೆ ಇವತ್ತೂ ಕ್ಲಚ್ ಪ್ಲೇಟ್ ಸಿಗುತ್ತೆ, ಸೈಲೆನ್ಸರ್ ಸಿಗುತ್ತೆ, ಸ್ವಲ್ಪ ಅಲೆದಾಡಿದರೆ ಬಾನೆಟ್ಟೂ ಸಿಗುತ್ತೆ. ಅದರ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಪಿಸ್ಟನ್ ಬೇಕು ಅಂದ್ರೆ ಇಂಗ್ಲೆಂಡಿನ ಕಡೆ ಮುಖ ಮಾಡಬೇಕು. ಅದೇ ಹೆರಾಲ್ಡಿಗೆ ಹಿಂದಿನ ಬಾಗಿಲು ಬೇಕು ಅಂದ್ರೆ ಇಂಗ್ಲೆಂಡಿನವರೂ ಕೈ ಎತ್ತಿಬಿಡ್ತಾರೆ! ಇನ್ನು ನಮ್ಮ ಬೆಂಗಳೂರಲ್ಲೇ ಹುಟ್ಟಿದ ಡಾಲ್ಫಿನ್ ಕಾರಿನ ಎಂಜಿನ್ ಭಾಗ ಕೇಳಿದರೆ ಬೆಂಗಳೂರಿನ ಅಂಗಡಿಯವರು ಮುಖ ಮುಖ ನೋಡ್ತಾರೆ. ಮೂರೂ ಇದೇ ದೇಶದಲ್ಲಿ ತಯಾರಾದ ಕಾರುಗಳು. ಒಂದಕ್ಕೊಂದು ಇಷ್ಟು ವ್ಯತ್ಯಾಸ ಯಾಕೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಚಿಕ್ಕಪ್ಪನಿಂದ. ಮೈಸೂರಿನಲ್ಲಿರುವ ಅವರ ಹತ್ತಿರ ನಾಲ್ಕು ಬಾಗಿಲಿನ ಹೆರಾಲ್ಡ್ ಮಾರ್ಕ್ 3 ಇದೆ. ನಾನಿರೋದು ಬೆಂಗಳೂರಲ್ಲಿ, ಆದ್ದರಿಂದ ಬಿಡಿಭಾಗ ಹುಡುಕೋ ಕೆಲಸ ನನ್ನ ಪಾಲಿಗೆ. "ಅಲ್ಲೇ ಇದ್ದೀಯಲ್ಲೋ, ಸಂಜೆ ಹಾಗೇ ಜೆ.ಸಿ. ರೋಡ್ ಕಡೆ ಹೋಗಿ ಕೇಳ್ಕೊಂಡು ಬಾ" ಅಂತಾರೆ ಚಿಕ್ಕಪ್ಪ, ಜೆ.ಸಿ. ರೋಡು ನಮ್ಮ ಮನೆ ಹಿತ್ತಲಲ್ಲಿ ಇದೆಯೇನೋ ಅನ್ನೋ ಹಾಗೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಮೂರು ನಾಲ್ಕು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದ ಮೇಲೆ ಒಂದು ವಿಷಯ ಗೊತ್ತಾಯ್ತು. ಯಾವ ಕಾರಿನ ಯಾವ ಭಾಗ ಸಿಗುತ್ತೆ, ಯಾವುದು ಸಿಗಲ್ಲ ಅನ್ನೋದು ಅದೃಷ್ಟದ ಮಾತಲ್ಲ. ಐವತ್ತು ಅರವತ್ತು ವರ್ಷದ ಹಿಂದೆ ಸರಕಾರ ಮತ್ತು ಕಂಪನಿಗಳು ಮಾಡಿದ ತೀರ್ಮಾನಗಳು ಇವತ್ತಿನ ಗುಜರಿ ಅಂಗಡಿಯ ರ‍್ಯಾಕಿನ ಮೇಲೆ ಕೂತಿವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮಲ್ಲಿ ಕಾರುಗಳ ಜೋಡಣೆ ನಡೀತಿತ್ತೇ ಹೊರತು ತಯಾರಿಕೆ ಅನ್ನುವಂಥದ್ದು ಇರಲಿಲ್ಲ. ಫೋರ್ಡ್ ಕಂಪನಿ 1926ರಲ್ಲಿ ಇಲ್ಲಿ ಕಾಲೂರಿತ್ತು. ಜನರಲ್ ಮೋಟರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಶುರು ಮಾಡಿತು. ಪೆಟ್ಟಿಗೆಗಳಲ್ಲಿ ತುಂಬಿದ ಭಾಗಗಳು ಹಡಗಿನಲ್ಲಿ ಬರೋದು, ಇಲ್ಲಿ ಬೋಲ್ಟ್ ಬಿಗಿದು, ಬಣ್ಣ ಹೊಡೆದು ಮಾರೋದು. 1953ರಲ್ಲಿ ಟ್ಯಾರಿಫ್ ಕಮಿಷನ್ನಿನ ಶಿಫಾರಸನ್ನು ಒಪ್ಪಿ ಸರಕಾರ ಖಡಾಖಂಡಿತವಾಗಿ ಹೇಳಿಬಿಟ್ಟಿತು: ಹಂತಹಂತವಾಗಿ ಇಲ್ಲೇ ತಯಾರಿಸೋ ಯೋಜನೆ ಇದ್ದವರು ಇರಿ, ಬರೀ ಜೋಡಿಸೋರು ಹೊರಡಿ ಅಂತ. ಜನರಲ್ ಮೋಟರ್ಸ್ 1954ರಲ್ಲಿ ಗಂಟುಮೂಟೆ ಕಟ್ಟಿತು. ಫೋರ್ಡ್ ಕೂಡ ಅದೇ ಸುಮಾರಿಗೆ ಹೋಯ್ತು.

ಚರಿತ್ರೆ ಪುಸ್ತಕದಲ್ಲಿ ಇದು ಸ್ವದೇಶಿ ಕೈಗಾರಿಕಾ ನೀತಿಯ ಒಂದು ಪ್ಯಾರಾ. ಆದರೆ ಮನೆ ಮುಂದೆ ಷೆವರ್ಲೆ ನಿಲ್ಲಿಸಿಕೊಂಡವನ ಗತಿ ಯೋಚನೆ ಮಾಡಿ. ಕಾರು ಚೆನ್ನಾಗೇ ಇದೆ, ಕಂಪನಿ ಇಲ್ಲ. ಅದರ ಮೇಲೆ 1957-58ರ ಹೊತ್ತಿಗೆ ವಿದೇಶಿ ವಿನಿಮಯದ ಮುಗ್ಗಟ್ಟು ಬಂತು, ಆಮದು ಲೈಸೆನ್ಸ್ ಇನ್ನಷ್ಟು ಬಿಗಿಯಾಯ್ತು. ನಮ್ಮ ದೇಶದಲ್ಲಿ "ಅನಾಥ ಕಾರು"ಗಳ ಮೊದಲ ದೊಡ್ಡ ಗುಂಪು ಹುಟ್ಟಿದ್ದು ಆಗ. ಜೊತೆಗೇ ಹುಟ್ಟಿದ್ದು ನಮ್ಮ ಗ್ಯಾರೇಜಿನ ಮೇಸ್ತ್ರಿಗಳ ಜಾಣತನ. ಸಿಗದ ಭಾಗವನ್ನು ಲೇತಿನಲ್ಲಿ ಕಡೆಸಿದರು. ಎರಡು ಸತ್ತ ಕಾರಿನಿಂದ ಒಂದು ಬದುಕಿರೋದನ್ನು ಮಾಡಿದರು. ಪೆಟ್ರೋಲು ಕುಡಿಯೋ ದೊಡ್ಡ ಅಮೆರಿಕನ್ ಎಂಜಿನ್ ಕಿತ್ತು ಅದರ ಜಾಗಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು. ಇವತ್ತು ವಿಂಟೇಜ್ ಕಾರು ಪ್ರಿಯರು "ಅಯ್ಯೋ, ಒರಿಜಿನಲ್ ಎಂಜಿನ್ ಕಿತ್ತು ಹಾಕಿಬಿಟ್ಟಿದ್ದಾರೆ" ಅಂತ ಮೂಗು ಮುರೀತಾರೆ. ನನಗೇನೋ ಆ ಮೇಸ್ತ್ರಿಗಳ ಬಗ್ಗೆ ಗೌರವವೇ ಜಾಸ್ತಿ. ಅವರು ಹಾಗೆ ಮಾಡದಿದ್ದರೆ ಇವರು ಮೂಗು ಮುರಿಯೋದಕ್ಕೆ ಕಾರೇ ಉಳೀತಿರಲಿಲ್ಲ :-)

ಉಳಿದುಕೊಂಡ ಕಂಪನಿಗಳಲ್ಲಿ ಕಾರಿನ ಮಟ್ಟಿಗೆ ಮುಖ್ಯವಾದವು ಮೂರು: ಕಲ್ಕತ್ತೆಯ ಹತ್ತಿರ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್, ಬೊಂಬಾಯಿಯ ಪ್ರೀಮಿಯರ್ ಆಟೋಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್. ಮೂರೂ ಕಡೆ ಮೂಲ ವಿನ್ಯಾಸ ಹೊರಗಿನದೇ.

ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ ಅದನ್ನು 1956ರಿಂದ 1959ರವರೆಗೆ ಮಾತ್ರ ಮಾಡಿದರು. ಇಲ್ಲಿ 1957ರಿಂದ ಐವತ್ತೇಳು ವರ್ಷ! ಮುಂದಿನ ಜಾಲರಿ ಬದಲಾಯ್ತು, ದೀಪ ಬದಲಾಯ್ತು, 1990ರ ದಶಕದಲ್ಲಿ ಇಸುಜು ಎಂಜಿನ್ ಬಂತು, ಆದರೆ ಗುಂಡಗಿನ ಒಡಲು ಹಾಗೇ ಉಳೀತು. ಅರವತ್ತು ಎಪ್ಪತ್ತರ ದಶಕದಲ್ಲಿ ಕಾರು ಕೊಳ್ಳೋಕೆ ವರ್ಷಗಟ್ಟಲೆ ಕ್ಯೂ ನಿಂತವರು ಈ ಬದಲಾಗದ ಹಠಕ್ಕೆ ಶಾಪ ಹಾಕಿದ್ದುಂಟು, ಸರಿಯಾಗಿಯೇ ಹಾಕಿದ್ದರು. ಆದರೆ ಬಿಡಿಭಾಗದ ದೃಷ್ಟಿಯಿಂದ ನೋಡಿ. ಒಂದೇ ಅಳತೆಯ ಭಾಗಕ್ಕೆ ದಶಕಗಟ್ಟಲೆ ಗಿರಾಕಿ ಇದ್ದಾರೆ ಅಂದರೆ ಯಾವ ಸಣ್ಣ ಕಾರ್ಖಾನೆಯವನೂ ಧೈರ್ಯವಾಗಿ ಅಚ್ಚು ಹಾಕಿಸಬಹುದು. ಅಚ್ಚಿಗೆ ಹಾಕಿದ ದುಡ್ಡು ಯಾವತ್ತೋ ವಾಪಸ್ ಬಂದಿರುತ್ತೆ, ಆಮೇಲೆ ಬರೀ ಕಬ್ಬಿಣದ ಖರ್ಚು. ದೆಹಲಿಯ ಕಶ್ಮೀರಿ ಗೇಟಿನಲ್ಲಿ, ಕಲ್ಕತ್ತೆಯ ಮಲ್ಲಿಕ್ ಬಜಾರಿನಲ್ಲಿ, ನಮ್ಮ ಜೆ.ಸಿ. ರೋಡಿನಲ್ಲಿ ಅಂಬಾಸಿಡರ್ ಸಾಮಾನು ಅಂದರೆ ಕಿರಾಣಿ ಅಂಗಡಿಯ ಬೆಲ್ಲ ಇದ್ದ ಹಾಗೆ ಆಗಿತ್ತು.

ತಮಾಷೆ ಏನಪ್ಪಾ ಅಂದ್ರೆ, ಇಂಗ್ಲೆಂಡಿನಲ್ಲಿ ಮಾರಿಸ್ ಆಕ್ಸ್‌ಫರ್ಡ್ ಇಟ್ಟುಕೊಂಡವರೂ ಕೊನೆಗೆ ನಮ್ಮ ಅಂಬಾಸಿಡರ್ ಭಾಗಗಳನ್ನೇ ತರಿಸಿಕೊಳ್ಳೋಕೆ ಶುರು ಮಾಡಿದರು. ಮೂರು ವರ್ಷ ಮಾಡಿ ಬಿಟ್ಟ ಊರಿಗೆ, ಐವತ್ತು ವರ್ಷ ಮಾಡಿದ ಊರಿನಿಂದ ಸಾಮಾನು.

ಹಾಗೆಯೇ ಸಣ್ಣಪುಟ್ಟ ಭಾಗಗಳ ಒಂದು ದೊಡ್ಡ ಉದ್ಯಮವೂ ಇದೇ ಹೊತ್ತಿಗೆ ಬೆಳೀತು. ಹೊರಗಿನಿಂದ ತರೋ ಹಾಗಿಲ್ಲ, ಇಲ್ಲೇ ಮಾಡಬೇಕು ಅಂದಾಗ ಯಾರಾದರೂ ಮಾಡಲೇಬೇಕಲ್ಲ. ನಮ್ಮ ಆಡುಗೋಡಿಯ ಮೈಕೋ (1951ರಲ್ಲಿ ಶುರುವಾದದ್ದು) ಸ್ಪಾರ್ಕ್ ಪ್ಲಗ್ ಮಾಡಿತು. ಮದರಾಸಿನಲ್ಲಿ ಇಂಡಿಯಾ ಪಿಸ್ಟನ್ಸ್ ಇತ್ತು, 1960ರ ದಶಕದ ಆರಂಭದಲ್ಲಿ ಲೂಕಾಸ್-ಟಿವಿಎಸ್, ಬ್ರೇಕ್ಸ್ ಇಂಡಿಯಾ ಬಂದವು. ಡೈನಮೋ, ಸ್ಟಾರ್ಟರ್, ಬ್ರೇಕಿನ ಸಾಮಾನು ಇವೆಲ್ಲ ಇಂಥ ಕೆಲವೇ ಕಾರ್ಖಾನೆಗಳಿಂದ ಎಲ್ಲ ಕಾರು ಕಂಪನಿಗಳಿಗೂ ಹೋಗ್ತಿತ್ತು. ಹಾಗಾಗಿ ಕಾರು ಕಂಪನಿ ಬಾಗಿಲು ಹಾಕಿದರೂ ಅದರ ಒಡಲೊಳಗಿನ ಅರ್ಧ ಸಾಮಾನಿಗೆ ಬೇರೆ ಅಪ್ಪ ಅಮ್ಮ ಇದ್ದರು.

ಫಿಯಟ್ಟಿನ ಕಥೆಯಲ್ಲಿ ಇನ್ನೊಂದು ಪಾಠ ಇದೆ. ಪ್ರೀಮಿಯರ್‌ನವರು 1964ರಲ್ಲಿ ತಂದ ಫಿಯಟ್ 1100 ಡಿಲೈಟ್, ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತಾಗಿ, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. 2001ರ ಹೊತ್ತಿಗೆ ತಯಾರಿಕೆ ನಿಂತಿತು. ನಿಂತ ಮೇಲೂ ಅದರ ಸಾಮಾನು ಧಾರಾಳವಾಗಿ ಸಿಗ್ತಿತ್ತು ಅಂದರೆ ಅದಕ್ಕೆ ಕಾರಣ ಮುಂಬೈ ಟ್ಯಾಕ್ಸಿಗಳು. ಟ್ಯಾಕ್ಸಿಯವನು ದಿನಾ ಓಡಿಸ್ತಾನೆ, ದಿನಾ ಏನೋ ಒಂದು ಸವೆಯುತ್ತೆ, ಅವನು ಅಗ್ಗದ ಸಾಮಾನು ಕೇಳ್ತಾನೆ, ಅದನ್ನು ಮಾಡಿಕೊಡೋಕೆ ಒಬ್ಬ ಇರ್ತಾನೆ. ಮನೆ ಮುಂದೆ ಹೊದಿಕೆ ಹೊದಿಸಿ ನಿಲ್ಲಿಸಿಕೊಂಡ ನಮ್ಮಂಥವರು ಆ ಟ್ಯಾಕ್ಸಿಯವನ ನೆರಳಲ್ಲಿ ಬದುಕಿದವರು. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬೈನಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರಿನಲ್ಲಿ. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳೀತು. ಪತ್ರಿಕೆಗಳಲ್ಲಿ ಭಾವುಕ ಲೇಖನಗಳು ಬಂದವು, ಕಪ್ಪು-ಹಳದಿ ಬಣ್ಣದ ಬಗ್ಗೆ, ಹಳೇ ಸಿನಿಮಾಗಳ ಬಗ್ಗೆ. ನಾನು ಮಾತ್ರ ಯೋಚನೆ ಮಾಡಿದ್ದು ಅದರ ವಾಟರ್ ಪಂಪ್ ಮಾಡೋನ ಬಗ್ಗೆ. ಇನ್ನು ಯಾರಿಗೆ ಮಾರ್ತಾನೆ?

ಈಗ ಹೆರಾಲ್ಡಿಗೆ ಬರೋಣ. (ಚಿಕ್ಕಪ್ಪ ಇಷ್ಟೊತ್ತಿಗೆ "ನನ್ನ ಕಾರಿನ ವಿಷಯ ಯಾವಾಗ ಬರುತ್ತೋ" ಅಂತ ಕೇಳಿರೋರು.)

ಮೂಲ ಟ್ರಯಂಫ್ ಹೆರಾಲ್ಡ್ ಬಂದದ್ದು 1959ರಲ್ಲಿ ಇಂಗ್ಲೆಂಡಿನಲ್ಲಿ. ಅದರ ರೂಪ ಬರೆದವರು ಇಟಲಿಯ ಮಿಕೆಲೊಟ್ಟಿ. ಆ ಕಾಲಕ್ಕೆ ಬೇರೆ ಕಂಪನಿಗಳು ಷಾಸಿ ಬಿಟ್ಟು ಒಂದೇ ಒಡಲಿನ ಕಾರಿಗೆ ಹೋಗುತ್ತಿದ್ದಾಗ, ಹೆರಾಲ್ಡಿಗೆ ಹಳೇ ಕಾಲದ ಹಾಗೆ ಪ್ರತ್ಯೇಕ ಷಾಸಿ, ಅದರ ಮೇಲೆ ಬೋಲ್ಟ್ ಹಾಕಿ ಬಿಗಿದ ಒಡಲಿನ ತುಂಡುಗಳು. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮೊಸಳೆ ಬಾಯಿ ತೆರೆದ ಹಾಗೆ ತೆರೆದುಕೊಳ್ಳುತ್ತೆ. ಟೈರ್ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು. ನಮ್ಮ ಮೇಸ್ತ್ರಿಗಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನು 1961ರಿಂದ ಮಾಡಿತು.

ಇಂಗ್ಲೆಂಡಿನಲ್ಲಿ ಹೆರಾಲ್ಡ್ 1971ಕ್ಕೆ ನಿಂತರೂ ಅದರ ಸಂತಾನ ದೊಡ್ಡದು. ಅದೇ ಮೂಳೆ ಮಜ್ಜೆಯ ಸ್ಪಿಟ್‌ಫೈರ್ ಅನ್ನೋ ತೆರೆದ ಕಾರು 1980ರವರೆಗೂ ಬಂತು. ಮುಂದಿನ ಚಕ್ರವನ್ನು ಹಿಡಿದುಕೊಳ್ಳೋ ಹೆರಾಲ್ಡಿನ ಲಂಬ ತುಂಡನ್ನು ಲೋಟಸ್ ಕಂಪನಿಯವರು ತಮ್ಮ ಎಲಾನ್ ಮುಂತಾದ ಕಾರುಗಳಿಗೂ ತೆಗೆದುಕೊಂಡರು. ಸ್ಪಿಟ್‌ಫೈರ್ ಪ್ರಿಯರು, ಲೋಟಸ್ ಪ್ರಿಯರು ಅಲ್ಲಿ ಸಾವಿರಗಟ್ಟಲೆ ಇರೋದರಿಂದ ಆ ಭಾಗ ಇವತ್ತಿಗೂ ಹೊಸದಾಗಿ ತಯಾರಾಗುತ್ತೆ. ನಮ್ಮ ಮೈಸೂರಿನ ಹೆರಾಲ್ಡ್ ಓಡ್ತಿರೋದು ಇಂಗ್ಲೆಂಡಿನ ಲೋಟಸ್ ಸಾಹುಕಾರರ ಪುಣ್ಯದಿಂದ ಅಂದರೆ ನಗಬೇಡಿ, ಅರ್ಧ ನಿಜ.

ಆ ಭಾಗದ ಬಗ್ಗೆ ಒಂದು ಮಾತು ಹೇಳದೇ ಮುಂದೆ ಹೋಗಲಾರೆ. ಅದರ ಕೆಳತುದಿಯಲ್ಲಿ ಟ್ರನಿಯನ್ ಅಂತ ಒಂದು ಕಂಚಿನ ತುಂಡು ಇದೆ. ಅದಕ್ಕೆ ಗ್ರೀಸ್ ಹಾಕಬಾರದು, ಗೇರ್ ಎಣ್ಣೆ ಹಾಕಬೇಕು, 90 ನಂಬರಿನ ಎಣ್ಣೆ. ಗ್ರೀಸ್ ಗನ್ ಕಂಡ ಕೂಡಲೇ ಎಲ್ಲದಕ್ಕೂ ಹೊಡೆಯೋದು ನಮ್ಮ ಸರ್ವಿಸ್ ಸ್ಟೇಷನ್ನುಗಳ ಅಭ್ಯಾಸ. ಗ್ರೀಸ್ ಒಣಗಿ ಒಳಗೆ ನೀರು ಸೇರಿ ಉಕ್ಕಿನ ಎಳೆಗಳಿಗೆ ತುಕ್ಕು ಹಿಡಿಯುತ್ತೆ, ಒಂದು ದಿನ ತಿರುವಿನಲ್ಲಿ ಚಕ್ರ ಮಡಚಿಕೊಳ್ಳುತ್ತೆ. ಇಂಥ ವಿಷಯ ಗೊತ್ತಿರೋ ಮೇಸ್ತ್ರಿ ಕೂಡ ಒಂದು ಬಿಡಿಭಾಗವೇ. ಅವರೂ ಈಗ ಸುಲಭಕ್ಕೆ ಸಿಗಲ್ಲ. ಚಿಕ್ಕಪ್ಪನ ಮೇಸ್ತ್ರಿಗೆ ಎಪ್ಪತ್ತು ದಾಟಿದೆ, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಕಷ್ಟ ಶುರುವಾಗೋದು ನಮ್ಮವರು ಮೂಲದಿಂದ ಬೇರೆಯಾದ ಕಡೆ. ಇಂಗ್ಲೆಂಡಿನಲ್ಲಿ ಹೆರಾಲ್ಡಿನ ಎಂಜಿನ್ 948 ಸಿಸಿಯಿಂದ 1147ಕ್ಕೆ, ಆಮೇಲೆ 1296ಕ್ಕೆ ಬೆಳೀತು. ನಮ್ಮಲ್ಲಿ 948ರಲ್ಲೇ ಉಳೀತು. ಅಲ್ಲಿ ದೊಡ್ಡ ಎಂಜಿನ್ನಿನ ಸಾಮಾನು ಬೇಕಾದಷ್ಟು ಸಿಗುತ್ತೆ, 948ರದ್ದು ಕಮ್ಮಿ. ಇನ್ನೊಂದು, ಇಂಗ್ಲೆಂಡಿನಲ್ಲಿ ಹೆರಾಲ್ಡಿಗೆ ಯಾವತ್ತೂ ಇದ್ದದ್ದು ಪಕ್ಕಕ್ಕೊಂದೊಂದೇ ಬಾಗಿಲು. ನಮ್ಮ ಸಂಸಾರ ನಿಮಗೆ ಗೊತ್ತಲ್ಲ. ಅಜ್ಜಿ ಮುಂದಿನ ಸೀಟು ಮಡಚಿ ಹಿಂದೆ ತೂರಿಕೊಳ್ಳೋದು ಅಂದರೆ ಆಗೋ ಮಾತೇ? ಅದಕ್ಕೇ 1968ರ ಸುಮಾರಿಗೆ ಮದರಾಸಿನವರು ಮಾರ್ಕ್ 3ರಲ್ಲಿ ನಾಲ್ಕು ಬಾಗಿಲು ಮಾಡಿದರು. ಒಳ್ಳೇ ಕೆಲಸವೇ. ಆದರೆ ಆ ಹಿಂದಿನ ಬಾಗಿಲು, ಅದರ ಗಾಜು, ಗಾಜು ಏರಿಸೋ ಯಂತ್ರ, ಸುತ್ತಲಿನ ರಬ್ಬರು ಇದೆಲ್ಲ ಪ್ರಪಂಚದಲ್ಲಿ ಒಂದೇ ಒಂದು ಕಾರ್ಖಾನೆ ಕೆಲವೇ ವರ್ಷ ಮಾಡಿದ ಸಾಮಾನು. 1972ರಲ್ಲಿ ಹೆರಾಲ್ಡ್ ಹೋಗಿ ಗಝೆಲ್ ಬಂತು, 1977ರಲ್ಲಿ ಅದೂ ನಿಂತಿತು. ಟ್ಯಾಕ್ಸಿಯವರು ಹೆರಾಲ್ಡನ್ನು ಅಂಬಾಸಿಡರ್, ಫಿಯಟ್ಟಿನಷ್ಟು ಹಚ್ಚಿಕೊಳ್ಳಲೂ ಇಲ್ಲ. ಹೊರಗಿನವರಿಗೆ ಬೇಡ, ಒಳಗಿನವರು ಸಾಕಷ್ಟು ಇಲ್ಲ. ಒಂದು ಭಾಗ ಸಾಯೋದು ಹೀಗೆ.

ಜೆ.ಸಿ. ರೋಡಿನಲ್ಲಿ ನಾನು ಹೋದ ಮೊದಲ ಅಂಗಡಿಗಳಲ್ಲಿ "ಹೆರಾಲ್ಡ್" ಅನ್ನೋ ಶಬ್ದ ಬಾಯಿಂದ ಬಿದ್ದ ಕೂಡಲೇ ತಲೆ ಅಲ್ಲಾಡಿಸೋರು. ಕೊನೆಗೆ ಒಂದು ಹಳೇ ಅಂಗಡಿಯ ಯಜಮಾನರು ಕೂರಿಸಿಕೊಂಡು ಟೀ ತರಿಸಿ ಹೇಳಿದರು. "ಸಾರ್, ಕಾರಿನ ಹೆಸರು ಹೇಳ್ಬೇಡಿ. ಹೆಸರು ಹೇಳಿದ್ರೆ ಹುಡುಗರು ಕಂಪ್ಯೂಟರ್ ನೋಡಿ ಇಲ್ಲ ಅಂತಾರೆ. ಅಳತೆ ಹೇಳಿ." ನನ್ನ ಮಟ್ಟಿಗೆ ಇದು ಗುರೂಪದೇಶ. ಬೇರಿಂಗಿನ ಅಂಚಿನ ಮೇಲೆ ನಂಬರ್ ಕೆತ್ತಿರುತ್ತೆ. ಆ ನಂಬರಿಗೆ ಕಾರು, ಟ್ರಾಕ್ಟರು, ನೀರೆತ್ತೋ ಪಂಪು ಅನ್ನೋ ಭೇದ ಇಲ್ಲ. ಆಯಿಲ್ ಸೀಲಿಗೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರು ಅಳತೆ ಸಾಕು (ಹಳೇ ಬ್ರಿಟಿಷ್ ಕಾರಾದರೆ ಇಂಚಿನಲ್ಲಿ ಅಳೀಬೇಕು, ಮಿಲಿಮೀಟರ್‌ನಲ್ಲಿ ಅಳೆದು ಹತ್ತಿರದ್ದು ತಂದರೆ ಎಣ್ಣೆ ಸೋರುತ್ತೆ). ಬ್ರೇಕಿನ ಸಿಲಿಂಡರಿಗೆ ಒಳಗಿನ ಕೊಳವೆಯ ಅಳತೆ ಸರಿಯಾಗಿದ್ದರೆ ಬೇರೆ ಕಾರಿನ ರಬ್ಬರ್ ಕಿಟ್ ಕೂರುತ್ತೆ. ಕೊಳವೆ ಸವೆದಿದ್ದರೆ ಹಿತ್ತಾಳೆಯ ಇಲ್ಲವೇ ಸ್ಟೀಲಿನ ತೋಳು ಹಾಕಿಸಬಹುದು. ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸಬಹುದು. ರೇಡಿಯೇಟರಿನ ಮೇಲಿನ ಕೆಳಗಿನ ಟ್ಯಾಂಕ್ ಉಳಿಸಿಕೊಂಡು ನಡುವಿನ ಜಾಲವನ್ನಷ್ಟೇ ಹೊಸದು ಹಾಕಿಸಬಹುದು. ಹೆರಾಲ್ಡಿನ ಹಿಂದುಗಡೆ ಅಡ್ಡಕ್ಕೆ ಮಲಗಿರೋ ಒಂದೇ ಒಂದು ಲೀಫ್ ಸ್ಪ್ರಿಂಗ್ ಇದೆ. ಚಿಕ್ಕಪ್ಪನದು ಜೋತುಬಿದ್ದು ಕಾರು ಕುಂಟೆತ್ತಿನ ಹಾಗೆ ಕೂತಿತ್ತು. ಲಾರಿ ಸ್ಪ್ರಿಂಗ್ ಕೆಲಸ ಮಾಡೋ ಕುಲುಮೆಯವರೇ ಕಾಯಿಸಿ ಬಾಗಿಸಿ ಸರಿ ಮಾಡಿಕೊಟ್ಟರು. ಎಂಜಿನ್ನಿನ ಸಿಲಿಂಡರ್ ಸವೆದರೆ ರೀಬೋರ್, ಅದೂ ಮುಗಿದರೆ ಸ್ಲೀವ್.

ಅಂದರೆ ಸುತ್ತೋ ಭಾಗ, ಉಜ್ಜೋ ಭಾಗ, ಕುದಿಯೋ ಭಾಗ ಇವಕ್ಕೆಲ್ಲ ದಾರಿ ಇದೆ. ಎಂಜಿನ್ ಹೋಯ್ತು ಅಂತ ಹಳೇ ಕಾರು ಸಾಯೋದು ಅಪರೂಪ. ಸಾಯೋದು ಗಾಜು ಸಿಗದೆ, ರಬ್ಬರ್ ಸಿಗದೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಮಳೆ ನೀರು ಬಾಗಿಲೊಳಗೆ ಇಳಿಯುತ್ತೆ, ಅಲ್ಲಿಂದ ತಳಕ್ಕೆ, ತಳದ ತಗಡು ಮೂರು ಮಳೆಗಾಲಕ್ಕೆ ಹಪ್ಪಳ. ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದರೂ ರಬ್ಬರ್ ಹಾಕದೇ ಇದ್ದರೆ ಅದೇ ಕಥೆ ಮತ್ತೆ. ಗಾಜಿನ ವಿಷಯ ಇನ್ನೂ ಸೂಕ್ಷ್ಮ. ಪಕ್ಕದ ಚಪ್ಪಟೆ ಗಾಜಾದರೆ ಎರಡು ಪದರದ ಲ್ಯಾಮಿನೇಟೆಡ್ ಹಾಳೆಯಲ್ಲಿ ಆಕಾರಕ್ಕೆ ಕತ್ತರಿಸಿಕೊಡ್ತಾರೆ. ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸೋಕೇ ಬರಲ್ಲ, ಮುಟ್ಟಿದರೆ ಕಲ್ಲುಸಕ್ಕರೆಯ ಹಾಗೆ ಪುಡಿ. ಬಾಗಿದ ಗಾಜಿಗೆ ಅಚ್ಚು ಬೇಕು, ಒಂದು ಗಾಜಿಗೋಸ್ಕರ ಅಚ್ಚು ಯಾರೂ ಮಾಡಲ್ಲ.

ಬೆಂಗಳೂರಿನ ಕಾರಿನ ಬಗ್ಗೆ ಹೇಳ್ತೀನಿ ಅಂದಿದ್ದೆ. ಸಿಪಾನಿಯವರ ಡಾಲ್ಫಿನ್ 1982ರಲ್ಲಿ ಬಂತು. ಅದಕ್ಕೂ ಮುಂಚೆ ಇವರದ್ದೇ ಬಾದಲ್ ಅನ್ನೋ ಮೂರು ಚಕ್ರದ ವಿಚಿತ್ರ ವಾಹನ ಇತ್ತು. ಡಾಲ್ಫಿನ್ ಮೂಲದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್. ಒಡಲೆಲ್ಲ ಫೈಬರ್‌ಗ್ಲಾಸ್, 848 ಸಿಸಿಯ ಹಗುರ ಅಲ್ಯುಮಿನಿಯಮ್ ಎಂಜಿನ್. ಕಾರ್ ರ‍್ಯಾಲಿಗಳಲ್ಲಿ ಹೆಸರು ಮಾಡಿತು, ಮಾರಾಟದಲ್ಲಿ ಮಾಡಲಿಲ್ಲ. 1983ರ ಕೊನೆಗೆ ಮಾರುತಿ ಬಂದ ಮೇಲೆ ಕೇಳೋದೇ ಬೇಡ. ಆದರೆ ಅದೇ ಎಂಜಿನ್ ಇಂಗ್ಲೆಂಡಿನಲ್ಲಿ ರಿಲಯಂಟ್ ರಾಬಿನ್ ಅನ್ನೋ ಮೂರು ಚಕ್ರದ ಕಾರಿನಲ್ಲಿ ಹೆಚ್ಚುಕಮ್ಮಿ 2000ದವರೆಗೂ ಬರ್ತಾ ಇತ್ತು, ಆದ್ದರಿಂದ ಸಾಮಾನು ಅಲ್ಲಿ ಸಿಗುತ್ತೆ. ಬೆಂಗಳೂರಿನ ಕಾರಿಗೆ ಬೆಂಗಳೂರಲ್ಲಿ ಸಾಮಾನಿಲ್ಲ! ಒಡಲಿಗೆ ಮಾತ್ರ ತೊಂದರೆ ಇಲ್ಲ. ಫೈಬರ್ ತುಕ್ಕು ಹಿಡಿಯಲ್ಲ, ಒಡೆದರೆ ಫೈಬರ್ ತೊಟ್ಟಿ ಮಾಡೋರ ಹತ್ತಿರ ಹೋದರೂ ತೇಪೆ ಹಾಕಿಕೊಡ್ತಾರೆ.

ಸಾಮಾನು ಹೀಗೆ ಸಮುದ್ರ ದಾಟೋದು ಎರಡೂ ದಿಕ್ಕಿಗೆ. ಸ್ಟ್ಯಾಂಡರ್ಡ್ ಕಂಪನಿ ತನ್ನ ಕೊನೆಗಾಲದಲ್ಲಿ, 1985ರಲ್ಲಿ, ರೋವರ್ ಎಸ್‌ಡಿ1 ಕಾರಿನ ಒಡಲಿಗೆ ತನ್ನ ಹಳೇ ಎರಡು ಲೀಟರ್ ಎಂಜಿನ್ ಹಾಕಿ ಸ್ಟ್ಯಾಂಡರ್ಡ್ 2000 ಅಂತ ತಂದಿತು. ನೋಡೋಕೆ ರಾಜನ ಹಾಗೆ, ಓಟದಲ್ಲಿ ಎಮ್ಮೆ. 1988ಕ್ಕೆ ಎಲ್ಲ ಮುಗೀತು. ಆದರೆ ಗೋದಾಮಿನಲ್ಲಿ ರೋವರಿನ ಒಡಲಿನ ಸಾಮಾನು ವರ್ಷಗಟ್ಟಲೆ ಉಳಿದಿತ್ತು. ಕಂಪನಿಯ ಆಸ್ತಿ ಹರಾಜಾದಾಗ ಅದನ್ನು ಕೊಂಡವರು ಇಂಗ್ಲೆಂಡಿನಲ್ಲಿ ಹಳೇ ಕಾರಿನ ಸಾಮಾನು ಮಾರೋ ರಿಮ್ಮರ್ ಬ್ರದರ್ಸ್. ರೋವರ್ ತವರಿಗೆ ಸಾಮಾನು ಮದರಾಸಿನಿಂದ ಹೋಯ್ತು. ಶ್ರೀಲಂಕಾದ ಗಾಲೆಯಲ್ಲೂ ಹೀಗೇ ಮಾರಿಸ್ ಮೈನರಿನ ಒಡಲಿನ ಭಾಗಗಳನ್ನು ಕೈಯಲ್ಲಿ ಬಡಿದು ಇಂಗ್ಲೆಂಡಿಗೆ ಕಳಿಸೋ ಕಾರ್ಖಾನೆ ಇತ್ತು.

ಇನ್ನು ಮನಸ್ಸಿಗೆ ಸ್ವಲ್ಪ ಕಿರಿಕಿರಿ ಮಾಡಿದ ಒಂದು ಸಂಗತಿ. ಹೋದ ವರ್ಷ ಹಾಸನದ ಹತ್ತಿರ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ಮಾರ್ಕ್ 3 ಇದೆ ಅಂತ ಸುದ್ದಿ ಬಂತು. ಹೋಗಿ ನೋಡಿದೆ. ಕೋಳಿ ಮಲಗಿದ್ದವು ಅನ್ನೋದು ಬಿಟ್ಟರೆ ಹಿಂದಿನ ಬಾಗಿಲು ಎರಡೂ ಅಚ್ಚುಕಟ್ಟು, ಗಾಜು ಇದೆ, ಗಾಜಿನ ಯಂತ್ರ ತಿರುಗುತ್ತೆ. ಮನೆಯ ಹಿರಿಯರು ಕಾರು ಕೊಡೋಕೆ ತಯಾರಿದ್ದರು. "ಓಡಿಸ್ಕೊಂಡು ಹೋಗೋ ಹಾಗೆ ಮಾಡ್ಕೊಳ್ಳಿ, ಅಪ್ಪ ತಂದ ಕಾರು" ಅಂದರು. ನಮಗೆ ಬೇಕಾಗಿದ್ದದ್ದು ಬಾಗಿಲು ಮಾತ್ರ. ಬಾಗಿಲು ಕಿತ್ತರೆ ಉಳಿದದ್ದು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ. ಹಳೇ ಕಾರಿನವರ ಲೋಕದಲ್ಲಿ ಇದು ದಿನನಿತ್ಯದ ವ್ಯವಹಾರ, ಒಂದನ್ನು ಉಳಿಸೋಕೆ ಇನ್ನೊಂದನ್ನು ಕೊಯ್ಯೋದು. ಅಂಬಾಸಿಡರ್ ಆದರೆ ನನಗೇನೂ ಅನ್ನಿಸ್ತಿರಲಿಲ್ಲ. ನಾಲ್ಕು ಬಾಗಿಲಿನ ಹೆರಾಲ್ಡ್ ಎಷ್ಟು ಉಳಿದಿವೆ ಅಂತ ಯೋಚಿಸಿದಾಗ ಕೈ ಬರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವರು ಹಾಗೆ ಅಂದ್ರಾ? ಹಾಗಾದ್ರೆ ಬೇಡ ಬಿಡೋ. ನಮ್ಮ ಬಾಗಿಲು ನಾವು ನೋಡ್ಕೊಳ್ಳೋಣ" ಅಂದರು. ಬಾಗಿಲಿನ ಅಳತೆ, ರಬ್ಬರಿನ ಅಡ್ಡಕೊಯ್ತದ ಆಕಾರ ಬರೆದುಕೊಂಡು, ಹಳೇ ರಬ್ಬರಿನ ಒಂದು ಗೇಣು ತುಂಡು ಕೇಳಿ ತಂದೆ. ಅದು ಆಮೇಲೆ ಕೆಲಸಕ್ಕೆ ಬಂತು.

ಇವತ್ತಿನ ಕಾರುಗಳ ಬಗ್ಗೆ ಉದ್ದಕ್ಕೆ ಬರೆಯೋಲ್ಲ. 1954ರಲ್ಲಿ ಹೋದ ಜನರಲ್ ಮೋಟರ್ಸ್ ತೊಂಬತ್ತರ ದಶಕದಲ್ಲಿ ಮತ್ತೆ ಬಂದು 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ಕೂಡ ಮತ್ತೆ ಬಂದು 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸಿತು. ಷೆವರ್ಲೆ ಇಟ್ಟುಕೊಂಡ ಅಜ್ಜನ ಚಿಂತೆಯೇ ಈಗ ಮೊಮ್ಮಗನದ್ದೂ. ಒಂದೇ ವ್ಯತ್ಯಾಸ, ಅಜ್ಜನ ಕಾರಿನ ಭಾಗವನ್ನು ಲೇತಿನವನು ನೋಡಿ ಮಾಡಿಕೊಡ್ತಿದ್ದ. ಮೊಮ್ಮಗನ ಕಾರಿನ ಎಂಜಿನ್ ನಡೆಸೋದು ಒಂದು ಪುಟ್ಟ ಕಂಪ್ಯೂಟರ್ ಡಬ್ಬಿ. ಅದನ್ನು ಯಾವ ಕುಲುಮೆಯಲ್ಲೂ ಕಾಯಿಸೋಕೆ ಆಗಲ್ಲ.

ಕಾನೂನಿನ ಕಡೆಯಿಂದಲೂ ಎರಡು ಬದಲಾವಣೆ ಆದವು. 2021ರ ಜುಲೈನಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿ ನಿಯಮ ತಂದಿತು. ನಂಬರಿನಲ್ಲಿ "ವಿಎ" ಅಂತ ಅಕ್ಷರ ಬರುತ್ತೆ, ಶುಲ್ಕ 20,000 ರೂಪಾಯಿ. ಆದರೆ ಒಡಲು, ಷಾಸಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ಮತ್ತೆ ಅದನ್ನು ದಿನಾ ಓಡಿಸೋ ಹಾಗಿಲ್ಲ. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000ಕ್ಕೆ ಏರಿತು. ಮೊದಲನೆಯದು ಒಳ್ಳೇ ಉದ್ದೇಶದ ನಿಯಮ, ಒಪ್ಪುತ್ತೇನೆ. ಆದರೆ ಮೂಲರೂಪದಲ್ಲಿ ಇಡಿ ಅಂತ ಹೇಳೋರು ಮೂಲ ಭಾಗ ಎಲ್ಲಿಂದ ಬರಬೇಕು ಅಂತ ಯೋಚಿಸಿದ ಹಾಗೆ ಕಾಣಲಿಲ್ಲ. 2017ರಲ್ಲಿ ಅಂಬಾಸಿಡರ್ ಅನ್ನೋ ಹೆಸರು ಮಾತ್ರ 80 ಕೋಟಿಗೆ ಫ್ರಾನ್ಸಿನ ಪ್ಯೂಜೋ ಕಂಪನಿಗೆ ಮಾರಾಟವಾಯ್ತು. ಹೆಸರಿಗೆ ಇರೋ ಬೆಲೆ ಅಚ್ಚುಗಳಿಗೂ ನಕ್ಷೆಗಳಿಗೂ ಇದ್ದಿದ್ದರೆ ನಮ್ಮ ಅಲೆದಾಟ ಎಷ್ಟೋ ತಪ್ಪುತ್ತಿತ್ತು. ಮುಚ್ಚಿದ ಕಾರ್ಖಾನೆಯ ನಕ್ಷೆಗಳನ್ನು ಯಾವುದಾದರೂ ಮ್ಯೂಸಿಯಮ್ಮೋ ಕಾಲೇಜೋ ತೆಗೆದಿಟ್ಟುಕೊಂಡಿದ್ದರೆ ಸಾಕಿತ್ತು, ದೊಡ್ಡ ಖರ್ಚೇನಲ್ಲ. ಜೆ.ಸಿ. ರೋಡಿನ ಆ ಯಜಮಾನರ ಅಂಗಡಿಯೂ ಈಗ ಇಲ್ಲ. ಮಕ್ಕಳಿಗೆ ಬೇಡವಾಗಿತ್ತು. ಹಳೇ ಡಬ್ಬಿಗಳು ಒಳಗೇನಿದೆ ಅಂತ ಬಿಚ್ಚಿ ನೋಡದೇ ತೂಕಕ್ಕೆ ಹೋದವಂತೆ, ಅವರೇ ಫೋನಿನಲ್ಲಿ ಹೇಳಿದರು.

ಕೊನೆಗೆ ರಬ್ಬರಿನ ವಿಷಯ. ಹಾಸನದಿಂದ ತಂದ ತುಂಡನ್ನು ಪೀಣ್ಯದಲ್ಲಿ ರಬ್ಬರ್ ಬೀಡಿಂಗ್ ಮಾಡೋ ಒಂದು ಸಣ್ಣ ಕಾರ್ಖಾನೆಗೆ ಒಯ್ದೆ. ಅವರು ಅಡ್ಡ ಕತ್ತರಿಸಿ, ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿ ಆಕಾರ ತೆಗೆದುಕೊಂಡರು. ಡೈ ಮಾಡೋದು ಕಷ್ಟವೇನಲ್ಲ, ಆದರೆ ನೂರು ಮೀಟರಿಗೆ ಕಮ್ಮಿ ಮೆಷಿನ್ ಹಾಕಲ್ಲ ಅಂದರು. ಒಂದು ಕಾರಿಗೆ ನೂರು ಮೀಟರ್ ಏನು ಮಾಡೋದು? ಊರೂರಿಗೆ ಫೋನ್ ಮಾಡಿ, ಕೊಯಮತ್ತೂರಿನಲ್ಲಿ ಇಬ್ಬರು, ಮಂಗಳೂರಿನಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು ಅಂತ ಮಾರ್ಕ್ 3 ಇಟ್ಟುಕೊಂಡವರನ್ನು ಹುಡುಕಿ ದುಡ್ಡು ಹಂಚಿಕೊಂಡೆವು. ಹಾಸನದ ಹಿರಿಯರಿಗೆ ಬೇಕಾದಷ್ಟನ್ನು ಚಿಕ್ಕಪ್ಪ ತಮ್ಮ ಲೆಕ್ಕದಲ್ಲೇ ಕಳಿಸಿದರು. ಅವರ ಮೊಮ್ಮಗ ಈಗ ಕೋಳಿಗಳನ್ನು ಬೇರೆ ಕಡೆ ಮಲಗಿಸಿದ್ದಾನಂತೆ.

ಇನ್ನೂ ಎರಡು ಸುರುಳಿ ಉಳಿದಿದೆ, ಮೈಸೂರಿನ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ್ದೀವಿ, ಬಿಸಿಲು ಬೀಳದ ಕಡೆ. ನಿಮ್ಮ ಮಾವನ ಮನೆಯಲ್ಲೋ, ಊರಿನ ಕೊಟ್ಟಿಗೆಯಲ್ಲೋ ನಾಲ್ಕು ಬಾಗಿಲಿನ ಹೆರಾಲ್ಡ್ ಇದ್ದರೆ ತಿಳಿಸಿ. ದುಡ್ಡಿನ ಮಾತು ಆಮೇಲೆ. ಹಳೇ ರಬ್ಬರನ್ನು ಮಾತ್ರ ಎಸೆದುಬಿಡಬೇಡಿ, ಒಂದು ಗೇಣು ಉಳಿಸಿಕೊಂಡಿರಿ.